ಎರಡು ಓಲೆಕಟ್ಟು, ಒಂದು ಒಂಟಿ ಗರಿ

ಗ್ರಂಥಾಲಯದ ಕೆಲಸವೆಂದರೆ ನೆರಳಲ್ಲಿ ಕೂತು ತೂಕಡಿಸುವ ಕೆಲಸ ಎಂದು ನಮ್ಮ ಕಡೆ ಇವತ್ತಿಗೂ ಜನ ನಂಬಿದ್ದಾರೆ. ಮೊಮ್ಮಗಳ ಗೆಳತಿಯೊಬ್ಬಳು ಇದೇ ಕೆಲಸಕ್ಕೆ ಸೇರಿದ್ದೇನೆಂದು ಸಿಹಿ ಕೊಡಲು ಬಂದವಳು, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ದಿನವಿಡೀ ಏನು ಮಾಡುತ್ತಿದ್ದಿರಿ ಅಜ್ಜಿ ಎಂದು ಕೇಳಿದಳು. ಕೇಳಿದ್ದರಲ್ಲಿ ಕೊಂಕೇನೂ ಇರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಪೇಡಾ ಬಾಯಲ್ಲಿದ್ದುದರಿಂದ ಆಗ ಸುಮ್ಮನಾದೆ. ಈಗ ಅವಳಿಗೂ ಅವಳ ವಾರಿಗೆಯವರಿಗೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಸಂಬಳ ಎಷ್ಟಾಯಿತು ಎಂಬುದು ಪಿಂಚಣಿ ಕಚೇರಿಯವರಿಗೆ ಗೊತ್ತಿದ್ದರೆ ಸಾಕು, ಅದನ್ನಿಲ್ಲಿ ಬರೆಯುವುದಿಲ್ಲ.

ಎಪ್ಪತ್ತರ ದಶಕದಲ್ಲಿ ದೂರದ ವಿಶ್ವವಿದ್ಯಾಲಯವೊಂದು ಚಿತ್ರದುರ್ಗದಲ್ಲಿ ನಾಲ್ಕಾರು ಎಂ.ಎ. ತರಗತಿಗಳನ್ನು ತೆರೆದಿತ್ತು. ಅದರ ಗ್ರಂಥಾಲಯ ಇದ್ದದ್ದು ಕೋಟೆಯ ಕಡೆಯ ಒಂದು ಹಳೇ ಬಾಡಿಗೆ ಕಟ್ಟಡದಲ್ಲಿ. ಹೊಸ ಪುಸ್ತಕಗಳನ್ನು ತರಿಸಿ, ಸೇರಿಸಿಕೊಳ್ಳುವ ವಿಭಾಗ ನನ್ನದು. ನಮ್ಮ ಮೇಲಧಿಕಾರಿ ಗ್ರಂಥಪಾಲಕ ಗುರುಬಸಪ್ಪನವರು. ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಕುರ್ಚಿ ಎಳೆದ ಸದ್ದಾದರೂ ಕನ್ನಡಕದ ಮೇಲಿಂದ ನೋಡುವ ಮನುಷ್ಯ. ಯಾರೇ ಬರಲಿ, ಕುಲಪತಿಗಳೇ ಬರಲಿ, ಕೂತಲ್ಲಿಂದ ಏಳುತ್ತಿರಲಿಲ್ಲ. ಅವರ ಕೆಳಗೆ ಹೆಡ್ ಕ್ಲರ್ಕ್ ನರಹರಿರಾಯರು. ಯಾವ ತಾಪತ್ರಯಕ್ಕೂ ರಾಯರ ಬಳಿ ಒಂದು ಸುಲಭದ ದಾರಿ ಇರುತ್ತಿತ್ತು, ಅದು ಸಾಮಾನ್ಯವಾಗಿ ಸರಿಯಾದ ದಾರಿ ಆಗಿರುತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ನಾನು ಸ್ವೆಟರ್ ಹೆಣೆಯುತ್ತಿದ್ದೆ. ಸಾಹೇಬರಿಗೆ ಅದು ಕಣ್ಣಿಗೆ ಬಿದ್ದರೆ ಆಗುತ್ತಿರಲಿಲ್ಲ. "ಶಾಂತಮ್ಮ, ಇಲ್ಲಿ ಸೇರಿಸೋದು ಪುಸ್ತಕ, ಉಲ್ಲನ್ ಅಲ್ಲ" ಎಂದು ಒಮ್ಮೆ ಎಲ್ಲರೆದುರೇ ಅಂದುಬಿಟ್ಟರು. ಅವತ್ತಿನಿಂದ ಹೆಣಿಗೆ ಕಡ್ಡಿಗಳು ನನ್ನ ಡ್ರಾಯರಿನ ಮೂಲೆ ಸೇರಿದವು. ನಾನೂ ಒಂದು ತಿಂಗಳು ಅವರ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ಅವರಿಗೆ ಅದು ಗೊತ್ತೇ ಆಗಲಿಲ್ಲ, ಅವರು ಯಾವಾಗಲೂ ಮಾತಾಡುತ್ತಿದ್ದುದು ಅಷ್ಟೇ.

ಹೊಸ ಪುಸ್ತಕಗಳು ಬೆಂಗಳೂರಿನಿಂದ ಲಾರಿಯಲ್ಲಿ ಮರದ ಪೆಟ್ಟಿಗೆಗಳೊಳಗೆ ಬರುತ್ತಿದ್ದವು. ಮೊಳೆ ಕಿತ್ತು ಮುಚ್ಚಳ ತೆಗೆದರೆ ಅಂಟು, ಮಸಿ, ಹೊಸ ಕಾಗದ ಎಲ್ಲ ಸೇರಿದ ವಾಸನೆ. ನನಗೆ ಅದು ಮಲ್ಲಿಗೆಗಿಂತ ಹೆಚ್ಚು. ಹೊಸ ಪುಸ್ತಕವನ್ನು ಒಮ್ಮೆಲೇ ನಡುವೆ ತೆರೆದರೆ ಬೆನ್ನು ಮುರಿಯುತ್ತದೆ. ಎರಡೂ ಕಡೆಯಿಂದ ನಾಲ್ಕು ನಾಲ್ಕು ಹಾಳೆ ಒತ್ತುತ್ತಾ ಬರಬೇಕು. ಕೂಸಿಗೆ ಎಣ್ಣೆ ನೀವುವ ಹಾಗೆ ನಿಧಾನವಾಗಿ. ಈಗಿನವರು ಇದನ್ನು ಕಲಿಯುವುದಿಲ್ಲ, ಅದಕ್ಕೇ ನಿಮ್ಮ ಪುಸ್ತಕಗಳು ಎರಡೇ ವರ್ಷಕ್ಕೆ ಹಾಳೆ ಉದುರಿಸುತ್ತವೆ.

ಪ್ರತಿ ಸೋಮವಾರ ಹೊಸ ಪುಸ್ತಕಗಳನ್ನು ಬಾಗಿಲ ಬಳಿಯ ಉದ್ದ ಮೇಜಿನ ಮೇಲೆ ಜೋಡಿಸಿಡುತ್ತಿದ್ದೆವು. ವಾರವಿಡೀ ಎಲ್ಲರೂ ನೋಡಬೇಕು, ಶನಿವಾರವೇ ಎರವಲು. ನಮ್ಮ ಕಡೆ ಬಸ್ಸಿನ ಪದ್ಧತಿ ನಿಮಗೆ ಗೊತ್ತಲ್ಲ. ಹೊಸದುರ್ಗದ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲು ಎಸೆದರೆ ಆ ಸೀಟು ಅವರದು. ಟವೆಲ್ಲು ತೆಗೆದು ಕೂರುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಹೊಳಲ್ಕೆರೆಯಿಂದ ದಿನಾ ಬಂದು ಹೋಗುತ್ತಿದ್ದ ಚರಿತ್ರೆಯ ಮೇಷ್ಟ್ರೊಬ್ಬರು ಒಂದು ಸೋಮವಾರ ಹೊಸ ಪುಸ್ತಕದ ಮೇಲೆ ತಮ್ಮ ಕರ್ಚೀಫು ಹಾಸಿ ಪಾಠಕ್ಕೆ ಹೋದರು. ಯಾರೂ ಅದನ್ನು ಸರಿಸಲಿಲ್ಲ. ಮುಂದಿನ ವಾರ ಮೇಜಿನ ಮೇಲೆ ಕರ್ಚೀಫು, ಕನ್ನಡಕದ ಡಬ್ಬಿ, ನಶ್ಯದ ಡಬ್ಬಿ, ನಾಲ್ಕು ಪುಸ್ತಕಗಳನ್ನು ಒಟ್ಟಿಗೆ ಹಿಡಿದ ಒಂದು ಕೊಡೆ. ಪುಸ್ತಕವೇ ಕಾಣುತ್ತಿರಲಿಲ್ಲ. ಸಾಹೇಬರು ಬಂದು ನೋಡಿದರು. ವಾಚನಾಲಯದ ನಡುವೆ ಒಂದು ಹಗ್ಗ ಕಟ್ಟಿಸಿ, ಕರ್ಚೀಫುಗಳನ್ನೆಲ್ಲ ಒಗೆದ ಬಟ್ಟೆಯ ಹಾಗೆ ಕ್ಲಿಪ್ಪು ಹಾಕಿ ನೇತುಹಾಕಿಸಿದರು. ಇದು ನನ್ನದು ಎಂದು ಹೇಳಿ ಬಿಡಿಸಿಕೊಂಡು ಹೋಗಲು ಒಬ್ಬರೂ ಮುಂದೆ ಬರಲಿಲ್ಲ. ಹೊಳಲ್ಕೆರೆ ಮೇಷ್ಟ್ರು ಆ ವಾರವೆಲ್ಲ ಅಂಗಿಯ ತೋಳಿನಲ್ಲೇ ಬೆವರು ಒರೆಸಿಕೊಂಡರು. ಪುಸ್ತಕಕ್ಕೆ ಮುಂಚಿತವಾಗಿ ಚೀಟಿ ಬರೆದುಕೊಡುವ ಪದ್ಧತಿ ನಮ್ಮಲ್ಲಿ ಶುರುವಾದದ್ದು ಹೀಗೆ.

ಕರ್ಚೀಫಿಗೇ ಅಷ್ಟು ಮರ್ಯಾದೆ ಇದ್ದ ಊರಿನಲ್ಲಿ ಕೊಟ್ಟ ಮಾತಿಗೆ ಎಷ್ಟು ಮರ್ಯಾದೆ ಎಂಬುದು ನನಗೆ ತಿಳಿದದ್ದು ಓಲೆಕಟ್ಟುಗಳ ಕಾಲದಲ್ಲಿ. ನಾನು ನಿಜವಾಗಿ ಹೇಳಬೇಕೆಂದಿರುವುದು ಅದನ್ನೇ.

ಹಳ್ಳಿಗಳ ಮನೆಗಳಲ್ಲಿರುವ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಬೇಕು, ಕೊಡದಿದ್ದರೆ ಎರವಲಾದರೂ ತಂದು ಮೈಕ್ರೋಫಿಲ್ಮು ತೆಗೆಸಿ ವಾಪಸು ಕೊಡಬೇಕು ಎಂದು ವಿಶ್ವವಿದ್ಯಾಲಯದಿಂದ ಆದೇಶ ಬಂತು. ಸಾಹೇಬರೂ ನಾನೂ ಜೀಪು ಹತ್ತಿದೆವು. ಹಿರಿಯೂರಿನ ಕಡೆ, ಜವನಗೊಂಡನಹಳ್ಳಿಯ ಸುತ್ತಮುತ್ತ, ಎಲ್ಲ ಕಡೆಯೂ ಕಾಫಿ ಸಿಕ್ಕಿತು, ಕಟ್ಟು ಸಿಗಲಿಲ್ಲ. ಒಂದು ಮನೆಯಲ್ಲಂತೂ ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದು ಯಜಮಾನರು ಹೇಳುತ್ತಿದ್ದಾಗ, ಅವರ ಹೆಂಡತಿ ಒಳಗೆ ಅದನ್ನು ರಾಗಿ ಕಣಜಕ್ಕೆ ಇಳಿಸುತ್ತಿದ್ದುದು ನನಗೆ ಕಾಣುತ್ತಿತ್ತು. ಅವರನ್ನು ದೂರುವಂತಿಲ್ಲ. ಹಿಂದೆ ಯಾರೋ ಓದಿ ಕೊಡುತ್ತೇವೆಂದು ಒಯ್ದವರು ತಿರುಗಿ ಬಂದಿರಲಿಲ್ಲವಂತೆ.

ಕೊನೆಗೆ ಎರಡು ಮನೆಯವರು ಒಪ್ಪಿದರು. ಒಬ್ಬರು ಭರಮಸಾಗರದ ವ್ಯಾಪಾರಿ ಸಂಗಪ್ಪನವರು, ಶೇಂಗಾ ಮಂಡಿ ಇಟ್ಟವರು. ಅವರ ಮನೆಯ ಕಟ್ಟಿಗೆ ಪ್ರತಿ ಸೋಮವಾರ ವಿಭೂತಿ ಹಚ್ಚಿ ಹಚ್ಚಿ ಅದು ಬೂದಿಯ ಗಟ್ಟಿಯಾಗಿತ್ತು. ಇನ್ನೊಬ್ಬರು ಹಿರೇಗುಂಟನೂರಿನ ಕಡೆಯ ಒಂದು ಹಟ್ಟಿಯ ಈರಜ್ಜ, ಕುರಿ ಸಾಕುವ ದೊಡ್ಡ ಮನೆತನದ ಹಿರಿಯ. ಅವರ ಕಟ್ಟು ಇದ್ದದ್ದು ದೇವರ ಪೆಟ್ಟಿಗೆಯಲ್ಲಿ, ಮೈಯೆಲ್ಲ ಭಂಡಾರ, ಅಂದರೆ ಪೂಜೆಯ ಅರಿಶಿನ. ಅದರಲ್ಲಿ ಏನು ಬರೆದಿದೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶ್ರಾವಣದ ಕಡೇ ಸೋಮವಾರ ಅಣ್ಣತಮ್ಮಂದಿರ ಮನೆಗಳವರೆಲ್ಲ ಸೇರಿ ಅದಕ್ಕೆ ಪೂಜೆ ಮಾಡುತ್ತಿದ್ದರು. ತಮ್ಮಂದಿರು ಕೊಡಲೇಬಾರದು ಎಂದು ನಮ್ಮೆದುರೇ ಜಗಳ ತೆಗೆದರು. ಈರಜ್ಜ ಎಲ್ಲ ಕೇಳಿಸಿಕೊಂಡು ಹೇಳಿದ, "ಈಗಾಗ್ಲೇ ಇಲಿ ಓದಾಕೆ ಶುರು ಮಾಡೈತೆ. ಅದಕ್ಕಿಂತ ಇವರು ಓದಿದ್ರೆ ವಾಸಿ."

ಸಾಹೇಬರು ಗರಿ ಎಷ್ಟಿವೆ ಎಂದು ಎಣಿಸಲು ಹೋದಾಗ ಅಜ್ಜ ಕೈ ಹಿಡಿದ. ಕುರಿಯನ್ನೇ ಎಣಿಸದವರು ನಾವು, ದೇವರನ್ನು ಎಣಿಸುತ್ತೀವಾ ಎಂದ. ಸಂಗಪ್ಪನವರ ಕಟ್ಟಿನ ಗರಿಗಳೂ ಒಂದಕ್ಕೊಂದು ಅಂಟಿಕೊಂಡಿದ್ದುದರಿಂದ ಶುಚಿ ಮಾಡಿದ ಮೇಲೇ ಎಣಿಸುವುದೆಂದು ಬಿಟ್ಟಿದ್ದೆವು. ಜೀಪು ಹತ್ತುವಾಗ ಈರಜ್ಜ ಸಾಹೇಬರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ. "ಕಡೇ ಸೋಮವಾರದ ಹಿಂದಿನ ದಿನ ನಾನೇ ಬಂದು ಹೊತ್ಕೊಂಡು ಬರ್ತೀನಿ. ಒಂದು ಗರಿ ಹೆಚ್ಚುಕಮ್ಮಿ ಆದ್ರೂ ಆ ಮನೇಲಿ ನಾನು ತಲೆ ಎತ್ತಂಗಿಲ್ಲ ಸ್ವಾಮಿ." ಹೇಗೆ ಕೊಟ್ಟಿದ್ದೀರೋ ಹಾಗೇ ಇರುತ್ತದೆ ಎಂದು ಸಾಹೇಬರು ಮಾತು ಕೊಟ್ಟರು.

ಶುಚಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಮೆತ್ತನೆಯ ಬಟ್ಟೆಯಲ್ಲಿ ಅರಿಶಿನ, ವಿಭೂತಿ ಒರೆಸಬೇಕು. ಆಮೇಲೆ ದೀಪದ ಮಸಿಯನ್ನು ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಕಲಸಿ ಸವರಬೇಕು. ಕೊರೆದ ಗೆರೆಗಳೊಳಗೆ ಮಸಿ ಕೂತು, ಅಳಿಸಿಹೋಗಿದೆ ಅಂದುಕೊಂಡಿದ್ದ ಅಕ್ಷರಗಳು ಮೇಲೆದ್ದು ಬರುತ್ತವೆ. ಮೊದಲ ಗರಿಯಲ್ಲಿ ಹಾಗೆ ಅಕ್ಷರ ಕಾಣಿಸಿಕೊಂಡಾಗ ನನಗೆ ಮೈ ಜುಮ್ಮೆಂದಿತು. ಎಷ್ಟೋ ವರ್ಷ ಬಾಯಿಮುಚ್ಚಿಕೊಂಡಿದ್ದವರು ಮಾತಾಡಿದ ಹಾಗೆ.

ಶ್ರಾವಣದ ಕಡೇ ಸೋಮವಾರಕ್ಕೆ ಎರಡು ದಿನ ಇದ್ದಾಗ, ಶನಿವಾರ, ಫೋಟೋ ತೆಗೆಯುವವರು ಕ್ಯಾಮೆರಾ ಹೊತ್ತು ಬಂದರು. ಗರಿಗಳನ್ನು ಬಿಡಿಬಿಡಿಯಾಗಿ ವಾಚನಾಲಯದ ಎರಡು ಮೇಜುಗಳ ಮೇಲೆ ಹರಡಿದ್ದೆ, ಎಣಿಸುವುದು ಇನ್ನೂ ಬಾಕಿ ಇತ್ತು. ಕಿಟಕಿ ಪಕ್ಕದ ಮೇಜು ಈರಜ್ಜನದು, ಗೋಡೆ ಪಕ್ಕದ್ದು ಸಂಗಪ್ಪನವರದು. ನಮ್ಮೂರ ಗಾಳಿಗೆ ಹೆದರಿ ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟು ಹೋದಾಗ ನಮ್ಮ ಜನಕ್ಕೊಂದು ಚಾಳಿ ಇದೆ. ಬಂತಾ ನೋಡೋಣ ಎಂದು ದಾರಿಯಲ್ಲಿ ಹೋಗುವವರೆಲ್ಲ ಸ್ವಿಚ್ಚನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡುತ್ತಾರೆ. ಅವತ್ತು ರಾಯರು ಮಾಡಿದರು, ಕ್ಯಾಮೆರಾದವರು ಮಾಡಿದರು, ಸಾಹೇಬರೂ ಮಾಡಿದ್ದನ್ನು ನಾನು ನೋಡಿದೆ. ಕಡೆಗೆ ಸ್ವಿಚ್ಚು ಯಾವ ಕಡೆ ಇತ್ತೋ ಯಾರಿಗೂ ತಿಳಿಯದು. ಎಲ್ಲರೂ ಹಿತ್ತಲ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದಾಗ ಕರೆಂಟು ಬಂತು. ಮೇಜುಗಳ ಮೇಲಿನ ಎರಡೂ ಫ್ಯಾನುಗಳು ಪೂರ್ತಿ ವೇಗದಲ್ಲಿ ತಿರುಗಿದವು.

ನಾವು ಓಡಿ ಬರುವಷ್ಟರಲ್ಲಿ ಗರಿಗಳು ನೆಲದ ಮೇಲಿದ್ದವು. ಎಲ್ಲವೂ, ಒಂದರ ಮೇಲೊಂದು, ಯಾರದು ಯಾವುದೆಂದು ಗುರುತಿಲ್ಲದೆ. ಅರಿಶಿನ ಹಾಗೇ ಇದ್ದಿದ್ದರೆ ಬಣ್ಣ ನೋಡಿ ಬೇರ್ಪಡಿಸಬಹುದಿತ್ತು. ನಾವು ಅಷ್ಟು ಚೊಕ್ಕಟವಾಗಿ ಒರೆಸಿದ್ದೆವು! ಗರಿಗಳ ಅಂಚಿನಲ್ಲಿ ಅಂಕಿಗಳೇನೋ ಇದ್ದವು. ಆದರೆ ಕಟ್ಟು ಎರಡಿದ್ದ ಮೇಲೆ ಪ್ರತಿ ಅಂಕಿಗೂ ಎರಡೆರಡು ಗರಿ. ಓದಿ ಬೇರೆ ಮಾಡೋಣವೆಂದರೆ ಆ ಹಳೆಯ ಕೈಬರಹ ಓದಬಲ್ಲವರು ಸಾಹೇಬರೊಬ್ಬರೇ, ಅದೂ ಭೂತಗನ್ನಡಿ ಹಿಡಿದು, ಗರಿಗೆ ಅರ್ಧ ಗಂಟೆಯಂತೆ. ಈರಜ್ಜ ಬರುವುದು ಮರುದಿನ.

ನನಗೆ ಆ ಅಜ್ಜನ ಮುಖವೇ ಕಣ್ಣೆದುರಿಗೆ ಬಂತು. ತಮ್ಮಂದಿರ ಮಾತು ಮೀರಿ ಕೊಟ್ಟವನು. ರಾಯರು ಮೆಲ್ಲಗೆ, ಅರ್ಧರ್ಧ ಮಾಡಿ ಕಟ್ಟಿಬಿಡೋಣ, ಇಬ್ಬರಿಗೂ ಓದಲು ಬರುವುದಿಲ್ಲವಲ್ಲ ಎಂದರು. ಸಾಹೇಬರು ಅವರ ಕಡೆ ನೋಡಲೂ ಇಲ್ಲ. ಪಂಚೆ ಮೇಲೆತ್ತಿಕೊಂಡು ನೆಲದ ಮೇಲೆ ಕೂತರು. ಅವರು ನೆಲದ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಗರಿ ಎತ್ತಿ, ಅದರ ಎರಡು ತೂತುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತದೆಯೇ ಕೇಳಿದರು.

"ಶಾಂತಮ್ಮ, ನಿಮ್ಮ ಆ ಸ್ವೆಟರ್ ಕಡ್ಡಿ ಇನ್ನೂ ಡ್ರಾಯರಿನಲ್ಲಿ ಅವೆಯೇನ್ರಿ?"

ಅವರ ಬಾಯಲ್ಲಿ ಊರ ಮಾತು ಬಂದದ್ದೂ ಅದೇ ಮೊದಲು. ಕಡ್ಡಿ ತಂದುಕೊಟ್ಟೆ. ಓಲೆಕಟ್ಟಿನ ಗರಿಗಳನ್ನು ಒಟ್ಟಿಗೆ ಅದುಮಿ ಹಿಡಿದು ತೂತು ಹಾಕಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು, ದಾರ ಪೋಣಿಸಿ ಕಟ್ಟಿರುತ್ತಾರೆ. ಹಲಗೆಯಲ್ಲಿ ತೂತು ಎಲ್ಲಿದೆಯೋ ಆ ಕಟ್ಟಿನ ಎಲ್ಲ ಗರಿಗಳಲ್ಲೂ ಅಲ್ಲೇ. ಹಲಗೆಗಳು ಬೇರೆ ಕಡೆ ಇದ್ದುದರಿಂದ ಅದಲುಬದಲಾಗಿರಲಿಲ್ಲ. ಸಾಹೇಬರು ಈರಜ್ಜನ ಬೇವಿನ ಹಲಗೆ ನೆಲಕ್ಕಿಟ್ಟು, ಅದರ ಎರಡು ತೂತುಗಳಲ್ಲಿ ನನ್ನ ಎರಡು ಕಡ್ಡಿಗಳನ್ನು ನಿಲ್ಲಿಸಿದರು. ಒಂದು ಗರಿ ಎತ್ತಿ ಕಡ್ಡಿಗಳ ಮೇಲೆ ಇಟ್ಟರು. ಅರ್ಧಕ್ಕೇ ಸಿಕ್ಕಿಕೊಂಡಿತು. ಪಕ್ಕಕ್ಕಿಟ್ಟು ಇನ್ನೊಂದು ಎತ್ತಿದರು. ಅದು ಸರ್ರನೆ ಜಾರಿ ಹಲಗೆಯ ಮೇಲೆ ಕೂತಿತು.

ಆ ಸದ್ದಿಗೆ ನನಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಎಲ್ಲರೂ ನೆಲದ ಮೇಲೇ. ಕ್ಯಾಮೆರಾದವರು ಗರಿ ಎತ್ತಿಕೊಡುವುದು, ನಾನು ಕಡ್ಡಿಗೆ ಇಳಿಸುವುದು, ಸಾಹೇಬರು ಅಂಕಿ ನೋಡಿ ಜೋಡಿಸುವುದು. ರಾಯರೂ ಕಡೆಗೆ ಕೋಟು ಬಿಚ್ಚಿಟ್ಟು ಬಂದು ಕೂತರು. ಭಾನುವಾರ ಬೆಳಿಗ್ಗೆ ಉಳಿದದ್ದನ್ನು ಮುಗಿಸಿ, ಫೋಟೋವನ್ನೂ ತೆಗೆಸಿ, ಎರಡೂ ಕಟ್ಟುಗಳನ್ನು ಕಟ್ಟಿದೆವು. ಅಂಕಿಗಳು ಎರಡರಲ್ಲೂ ಒಂದೂ ತಪ್ಪದೆ ಸಾಲಾಗಿ ಬಂದಿದ್ದವು.

ನೆಲದ ಮೇಲೆ ಒಂದೇ ಒಂದು ಗರಿ ಉಳಿದಿತ್ತು. ಅದರಲ್ಲಿ ಬರಹವಿರಲಿಲ್ಲ, ಅಂಕಿ ಇರಲಿಲ್ಲ. ಕಟ್ಟಿನ ಕೊನೆಗೆ ರಕ್ಷಣೆಗೆಂದು ಇಡುವ ಖಾಲಿ ಗರಿ. ಅದರ ತೂತುಗಳೆರಡೂ ಅಂಚಿನವರೆಗೆ ಹರಿದುಹೋಗಿದ್ದವು, ಕಡ್ಡಿಗೆ ಹಿಡಿದರೆ ಯಾವ ಹಲಗೆಗಾದರೂ ಹೊಂದುತ್ತಿತ್ತು. ಯಾರ ಕಟ್ಟಿನದೆಂದು ತಿಳಿಯುವ ದಾರಿಯೇ ಇರಲಿಲ್ಲ. ಖಾಲಿ ಗರಿ ತಾನೇ, ಯಾವುದಾದರೂ ಒಂದರೊಳಗೆ ತುರುಕಿ ಎಂದರು ರಾಯರು. ಈ ಸಲ ನನಗೂ ಹಾಗೇ ಅನ್ನಿಸಿತು. ಸಾಹೇಬರು ಅದನ್ನೊಂದು ಬಿಳಿ ಕಾಗದದ ಮೇಲಿಟ್ಟು ತಮ್ಮ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡರು.

ಮಧ್ಯಾಹ್ನ ಈರಜ್ಜ ಬಂದ, ಹೆಗಲ ಮೇಲೆ ಹೊಸ ಕಂಬಳಿ. ಭರಮಸಾಗರದ ಸಂಗಪ್ಪನವರೂ ತಮ್ಮ ಕಟ್ಟು ಒಯ್ಯಲು ಅದೇ ಹೊತ್ತಿಗೆ ಬಂದರು. ಅಜ್ಜ ತನ್ನ ಕಟ್ಟನ್ನು ನೋಡಿ ಒಂದು ಕ್ಷಣ ಗಾಬರಿಯಾದ, ಅರಿಶಿನದ ಕಟ್ಟು ಎಣ್ಣೆ ಮಿರುಗುತ್ತಾ ಕಪ್ಪಗಾಗಿತ್ತಲ್ಲ. ಆಮೇಲೆ ಬೆರಳಿನಿಂದ ಸವರಿ, ಮೂಸಿ, "ದೇವರಿಗೆ ಎಣ್ಣೆಸ್ನಾನ ಮಾಡ್ಸೀರಿ" ಎಂದು ನಕ್ಕ. ಸೊಂಟದ ಚೀಲದಿಂದ ಭಂಡಾರ ತೆಗೆದು, ನಾನು ವಾರಗಟ್ಟಲೆ ಒರೆಸಿದ್ದ ಕಟ್ಟಿಗೆ ಮುಷ್ಟಿ ತುಂಬ ಬಳಿದ. ಸಾಹೇಬರು ಕಣ್ಣು ಮುಚ್ಚಿಕೊಂಡರು.

ಆಮೇಲೆ ಅವರು ಕಣ್ಣು ತೆಗೆದು, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಇಬ್ಬರಿಗೂ ಹೇಳಿದರು. ಕರೆಂಟು, ಫ್ಯಾನು, ಕಡ್ಡಿ, ಕೊನೆಗೆ ಆ ಗರಿ. "ಹೇಗೆ ಕೊಟ್ಟಿದ್ದಿರೋ ಹಾಗೇ ಕೊಡ್ತೀನಿ ಅಂದಿದ್ದೆ. ಇದೊಂದು ಯಾರದ್ದು ಅಂತ ನನಗೆ ಗೊತ್ತಾಗ್ತಿಲ್ಲ" ಎಂದರು. ನಾನು ಬಾಗಿಲ ಕಡೆ ನೋಡುತ್ತಾ ನಿಂತೆ, ಅಜ್ಜನ ಮುಖ ನೋಡಲಾಗಲಿಲ್ಲ.

ಜಗಳ ಆಗುತ್ತದೆಂದು ನಾನು ತಿಳಿದಿದ್ದೆ. ಆಯಿತು, ಆದರೆ ತಿರುಗಾಮುರುಗಾ ಆಯಿತು. ಸಂಗಪ್ಪನವರು ಅಜ್ಜನಿಗೇ ಕೊಡಿ ಎಂದರು. ಬೇರೆಯವರ ಮನೆ ದೇವರನ್ನು ನಾನು ಹೇಗೆ ಒಯ್ಯಲಿ, ಸಾವ್ಕಾರರಿಗೇ ಕೊಡಿ ಎಂದ ಅಜ್ಜ. ಸಂಗಪ್ಪನವರೂ ಅದೇ ಮಾತು ಹೇಳಿದರು. ಗರಿ ಮೇಜಿನ ಮೇಲೇ ಇತ್ತು, ಇಬ್ಬರೂ ಕೈ ಚಾಚಲಿಲ್ಲ. ರಾಯರು, ಅದರಲ್ಲಿ ಏನೂ ಬರೆದಿಲ್ಲ ಅಜ್ಜಾ, ಬರೀ ಖಾಲಿ ಎಂದು ಸಮಾಧಾನ ಹೇಳಲು ಹೋದರು. "ಓದಾಕೆ ಬರದೋನಿಗೆ ಎಲ್ಲಾ ಗರಿನೂ ಒಂದೇ ಅಲ್ವೇನ್ರಿ" ಎಂದ ಈರಜ್ಜ. ಆಮೇಲೆ ಸಾಹೇಬರ ಕಡೆ ತಿರುಗಿದ.

"ಇಲ್ಲೇ ಇರ್ಲಿ ಬಿಡ್ರಿ. ನೀವು ಹೇಳ್ದೆ ಇದ್ದಿದ್ರೆ ನಮಗೆ ಗೊತ್ತೂ ಆಗ್ತಿರ್ಲಿಲ್ಲ. ನಿಮ್ಮ ಹತ್ರ ಇದ್ರೆ ಅದು ನಮ್ಮಿಬ್ಬರ ಮನೇಲೂ ಇದ್ದಂಗೆ."

ಮನೆಯವರಿಗೆ ನಾನೇ ಹೇಳಿಕೊಳ್ಳುತ್ತೇನೆ, ಇಂಥವರ ಕೈಗೆ ಕೊಟ್ಟಿದ್ದೆ ಎಂದು ತಲೆ ಎತ್ತಿಯೇ ಹೇಳುತ್ತೇನೆ ಎಂದ. ಕಂಬಳಿಯ ಸಿಂಬಿ ಮಾಡಿ, ಕಟ್ಟನ್ನು ತಲೆಯ ಮೇಲಿಟ್ಟುಕೊಂಡು ಹೋದ. ಅವನು ಗೇಟು ದಾಟಿದ ಮೇಲೆ ನಾನು ಹಿತ್ತಲಿಗೆ ಹೋಗಿ ನೆಮ್ಮದಿಯಿಂದ ಅತ್ತುಬಿಟ್ಟೆ. ವಾಪಸು ಬಂದಾಗ ಸಾಹೇಬರು ನನ್ನ ಹೆಣಿಗೆ ಕಡ್ಡಿಗಳನ್ನು ಒರೆಸುತ್ತಾ ಕೂತಿದ್ದರು. ಚಳಿಗಾಲ ಬರುತ್ತದೆ, ಇವು ಮೇಲೇ ಇರಲಿ ಎಂದು ನನ್ನ ಮೇಜಿನ ಮೇಲಿಟ್ಟರು.

ಹಸ್ತಪ್ರತಿಗಳ ಕಪಾಟಿಗೆ ನಾವು ಸೇರಿಸಿಕೊಂಡ ಮೊದಲನೆಯದು ಹೀಗೆ ಏನೂ ಬರೆಯದ ಒಂದು ಗರಿ. ಇಷ್ಟು ದೊಡ್ಡ ಕಪಾಟಿನಲ್ಲಿ ಇದೊಂದೇ ಏನು, ಇದರಲ್ಲಿ ಏನು ಸಂಶೋಧನೆ ಮಾಡುತ್ತೀರಿ ಎಂದು ಬಂದವರೆಲ್ಲ ತಮಾಷೆ ಮಾಡುತ್ತಿದ್ದರು. ಆ ವರ್ಷವೂ ಅದರ ಮುಂದಿನ ವರ್ಷವೂ ಅದು ಒಂದೇ ಇತ್ತು.

ಅದಾದ ಮೇಲಿನ ಶ್ರಾವಣದಲ್ಲಿ, ಕಡೇ ಸೋಮವಾರ ಕಳೆದ ಮಾರನೆಯ ದಿನ, ಈರಜ್ಜ ಬಂದ. ತಲೆಯ ಮೇಲೆ ಕಂಬಳಿಯ ಸಿಂಬಿ, ಅದರ ಮೇಲೆ ಕಟ್ಟು. ಹಿಂದೆ ಇಬ್ಬರು ತಮ್ಮಂದಿರು, ಅವತ್ತು ಕೊಡಲೇಬಾರದೆಂದು ಜಗಳವಾಡಿದ್ದವರೇ. ಆ ಖಾಲಿ ಗರಿ ತಮ್ಮದೇ ಎಂದು ಈಗ ಹೇಗೋ ತಿಳಿದಿರಬೇಕು, ಕೇಳಲು ಬಂದಿದ್ದಾರೆ ಎಂದುಕೊಂಡೆ. ಸಾಹೇಬರಿಗೂ ಹಾಗೇ ಅನ್ನಿಸಿರಬೇಕು. ಕೂತಲ್ಲಿಂದಲೇ ನನಗೆ ಕಪಾಟಿನ ಬೀಗದಕೈ ಕೊಟ್ಟು, ಗರಿಯನ್ನು ತರಿಸಿ ಅಜ್ಜನ ಮುಂದೆ ಹಿಡಿದರು. ಈರಜ್ಜ ತಲೆ ಅಲ್ಲಾಡಿಸಿದ.

"ಅದನ್ನ ಕರ್ಕೊಂಡು ಹೋಗಾಕೆ ಬಂದಿಲ್ರಿ. ಅದೊಂದೇ ಇಲ್ಲಿ ಒಂಟಿಯಾಗಿ ಐತಲ್ಲ, ಜೊತೆಗಿರ್ಲಿ ಅಂತ ಇದನ್ನ ಕರ್ಕೊಂಡು ಬಂದೀವಿ."

ಗುರುಬಸಪ್ಪನವರು ಎದ್ದು ನಿಂತರು. ಎರಡೂ ಕೈ ಚಾಚಿ, ಅಜ್ಜನ ತಲೆಯ ಮೇಲಿನಿಂದ ಕಟ್ಟನ್ನು ಇಳಿಸಿಕೊಂಡರು. ಆ ಖಾಲಿ ಗರಿಯನ್ನು ಅದರ ಮೇಲಿಟ್ಟರು. ಅಜ್ಜ ಚೀಲ ಬಿಚ್ಚಿ ಭಂಡಾರ ಹಚ್ಚಿದ. ಈ ಸಲ ಸಾಹೇಬರು ಕಣ್ಣು ಮುಚ್ಚಿಕೊಳ್ಳಲಿಲ್ಲ, ತಾವೇ ಒಂದು ಚಿಟಿಕೆ ತೆಗೆದುಕೊಂಡರು.

ಆ ಮೇಲೆ ಬಂದ ಕಟ್ಟುಗಳಿಗೆ ನಮ್ಮ ಕಪಾಟು ಸಾಲಲಿಲ್ಲ. ರಾಗಿ ಕಣಜದಲ್ಲಿ ಬಚ್ಚಿಟ್ಟಿದ್ದವರ ಮನೆಯಿಂದಲೂ ಬಂತು. ಕೆಲಸಕ್ಕೆ ಹೊಸದಾಗಿ ಸೇರಿರುವ ನಿಮಗೆ ನಾನು ಹೇಳುವುದು ಎರಡೇ. ಕರೆಂಟು ಹೋದಾಗ ಫ್ಯಾನಿನ ಸ್ವಿಚ್ಚು ಮುಟ್ಟಬೇಡಿ. ಶ್ರಾವಣದ ಕಡೇ ಸೋಮವಾರ ಈರಜ್ಜನ ಮನೆಯವರು ಈಗಲೂ ಬರುತ್ತಾರೆ, ಕಪಾಟಿನ ಬಾಗಿಲಿಗೆ ಅರಿಶಿನದ ಬೆರಳು ಮೂಡುತ್ತದೆ. ಅದನ್ನು ಒರೆಸಬೇಡಿ, ನಿವೃತ್ತಿಯಾಗುವವರೆಗೆ ನಾನೂ ಒರೆಸಲಿಲ್ಲ.